ಸುಡೋಕು, 36 ಅಧಿಕಾರಿಗಳು ಮತ್ತು ಆಯ್ಲರ್

ಸುಡೋಕು ಆಡುವವರಲ್ಲಿ ಎರಡು ಬಗೆ. ಕಷ್ಟದ ಜಾಗ ಬಂದ ಕೂಡಲೇ ಯಾವುದೋ ಒಂದು ಮನೆಗೆ ಅಂದಾಜಿನ ಮೇಲೆ 4 ಹಾಕಿ ಮುಂದೆ ಹೋಗುವವರು ಒಂದು ಬಗೆ. ಹತ್ತು ನಿಮಿಷ ಆದಮೇಲೆ ಒಂದೇ ಸಾಲಲ್ಲಿ ಎರಡು 7 ಬಂದುಬಿಡುತ್ತೆ, ಎಲ್ಲವನ್ನೂ ಅಳಿಸಿ ಅದೇ ಮನೆಗೆ 6 ಹಾಕಿ ನೋಡ್ತಾರೆ. ಪ್ರತಿ ಮನೆಯ ಮೂಲೆಯಲ್ಲಿ ಬರಬಹುದಾದ ಅಂಕಿಗಳನ್ನ ಸಣ್ಣದಾಗಿ ಬರೆದುಕೊಂಡು, ಇದು ಇಲ್ಲಿ ಬರೋಕೆ ಸಾಧ್ಯವೇ ಇಲ್ಲ ಅಂತ ಒಂದೊಂದನ್ನೇ ಹೊಡೆದುಹಾಕುತ್ತಾ ಹೋಗುವವರು ಇನ್ನೊಂದು ಬಗೆ. ಉತ್ತರ ಇಬ್ಬರಿಗೂ ಸಿಗಬಹುದು. ಆದರೆ ಅದೇ ಯಾಕೆ ಉತ್ತರ, ಬೇರೆ ಯಾಕಿಲ್ಲ ಅಂತ ಕೇಳಿದರೆ ಹೇಳೋಕೆ ಬರೋದು ಎರಡನೆಯವರಿಗೆ ಮಾತ್ರ.

ಈ ಸಲ ನಾವು ಬರೆಯುತ್ತಿರುವುದು ಆ ಎರಡನೇ ಬಗೆಯವರಿಗೆಲ್ಲ ಹಿರಿಯರಾದ ಒಬ್ಬರ ಬಗ್ಗೆ. ಅವರೇ ಲಿಯೊನ್‌ಹಾರ್ಡ್ ಆಯ್ಲರ್. ಈ ಹೆಸರು ಯಾವ ಬ್ರಾಂಚಿನವರಿಗೂ ಹೊಸದಲ್ಲ. ಸಿವಿಲ್ ಮತ್ತು ಮೆಕ್ಯಾನಿಕಲ್‌ನವರಿಗೆ ಕಂಬ ಬಾಗುವ ಲೆಕ್ಕದಲ್ಲಿ ಸಿಗ್ತಾರೆ, ಫ್ಲೂಯಿಡ್ಸ್‌ನಲ್ಲಿ ಸಮೀಕರಣವಾಗಿ ಬರ್ತಾರೆ, ಎಲೆಕ್ಟ್ರಿಕಲ್‌ನವರು ಅವರ ಸೂತ್ರ ಇಲ್ಲದೆ ಏಸಿ ಸರ್ಕ್ಯೂಟ್ ಮುಟ್ಟೋ ಹಾಗಿಲ್ಲ, ಕಂಪ್ಯೂಟರ್ ಸೈನ್ಸ್‌ನವರಿಗೆ ಗ್ರಾಫ್ ಥಿಯರಿಯ ಮೊದಲ ಪುಟದಲ್ಲೇ ಅವರ ಹೆಸರು. ಇಂಗ್ಲಿಷ್ ಸ್ಪೆಲಿಂಗ್ ನೋಡಿ ಯೂಲರ್ ಅನ್ನೋರೂ ಇದ್ದಾರೆ. ಜರ್ಮನ್ ಮಾತಾಡುವವರ ಬಾಯಲ್ಲಿ ಅದು ಆಯ್ಲರ್‌ಗೆ ಹತ್ತಿರ.

ಒಂದು ವಿಷಯ ಮೊದಲೇ ಹೇಳಿಬಿಡ್ತೀವಿ. ಸುಡೋಕು ಕಂಡುಹಿಡಿದವರು ಆಯ್ಲರ್ ಅಂತ ಕೆಲವು ಕಡೆ ಬರೆದಿರ್ತಾರೆ. ಅದು ಸರಿಯಲ್ಲ. ಇವತ್ತಿನ ರೂಪದ ಆಟ 1979ರಲ್ಲಿ ಅಮೆರಿಕದ ಡೆಲ್ ಕಂಪನಿಯ ಪಜಲ್ ಪತ್ರಿಕೆಯಲ್ಲಿ ನಂಬರ್ ಪ್ಲೇಸ್ ಅನ್ನೋ ಹೆಸರಲ್ಲಿ ಬಂತು. ಅದನ್ನ ಮಾಡಿದವರು ಹೋವರ್ಡ್ ಗಾರ್ನ್ಸ್ ಎಂಬ ವಾಸ್ತುಶಿಲ್ಪಿ ಅಂತ ಹೇಳ್ತಾರೆ. 1984ರಲ್ಲಿ ಜಪಾನಿನ ನಿಕೋಲಿ ಅದನ್ನ ತನ್ನ ಪತ್ರಿಕೆಯಲ್ಲಿ ಹಾಕಿತು, ಸುಡೋಕು ಅನ್ನೋ ಹೆಸರು ಬಂದದ್ದು ಅಲ್ಲಿಂದ. 2004ರ ನವೆಂಬರ್‌ನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಶುರು ಮಾಡಿದ ಮೇಲೆ ಪ್ರಪಂಚ ಪೂರ್ತಿ ಹಬ್ಬಿತು. ಆಯ್ಲರ್ ಕೊಟ್ಟದ್ದು ಅದರ ಕೆಳಗಿನ ಅಡಿಪಾಯವನ್ನ. ಒಂದು ಚೌಕ, ಪ್ರತಿ ಅಡ್ಡಸಾಲಲ್ಲೂ ಪ್ರತಿ ಕಂಬಸಾಲಲ್ಲೂ ಪ್ರತಿ ಗುರುತು ಒಂದೇ ಒಂದು ಸಲ. ಇದಕ್ಕೆ ಲ್ಯಾಟಿನ್ ಚೌಕ ಅಂತ ಹೆಸರು. ಒಂಬತ್ತು ಸಾಲಿನ ಲ್ಯಾಟಿನ್ ಚೌಕಕ್ಕೆ ಮೂರು-ಮೂರರ ಪೆಟ್ಟಿಗೆಗಳ ಷರತ್ತು ಸೇರಿಸಿದರೆ ಸುಡೋಕು. ಇಂಥ ಚೌಕಗಳನ್ನ ಆಯ್ಲರ್‌ಗಿಂತ ಮುಂಚೆ ಕೊರಿಯಾದ ಚೋಯ್ ಸೋಕ್-ಜಾಂಗ್ ಕೂಡ ಬರೆದಿದ್ದರು. ಆದರೆ ಅದರ ಹಿಂದಿನ ಗಣಿತವನ್ನ ಕೆದಕಿ, ಮುಂದಿನವರು 200 ವರ್ಷ ತಲೆ ಕೆಡಿಸಿಕೊಳ್ಳುವಂಥ ಪ್ರಶ್ನೆ ಇಟ್ಟು ಹೋದವರು ಆಯ್ಲರ್. ಆ ಪ್ರಶ್ನೆ ಇಡುವಾಗ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಪಾದ್ರಿ ಆಗಬೇಕಿದ್ದ ಹುಡುಗ

1707ರ ಏಪ್ರಿಲ್ 15ರಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆಯ್ಲರ್ ಹುಟ್ಟಿದರು. ತಂದೆ ಪಾಲ್ ಆಯ್ಲರ್ ಚರ್ಚಿನಲ್ಲಿ ಪಾದ್ರಿ. ಮಗನೂ ಅದೇ ದಾರಿ ಹಿಡಿಯಲಿ ಅನ್ನೋದು ಅವರ ಆಸೆ. 13 ವರ್ಷಕ್ಕೇ ಹುಡುಗ ಬಾಸೆಲ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಆ ಕಾಲದ ಯುರೋಪಿನ ದೊಡ್ಡ ಗಣಿತಜ್ಞ ಯೋಹಾನ್ ಬರ್ನೂಲಿ ಇದ್ದರು. ಪ್ರತ್ಯೇಕವಾಗಿ ಪಾಠ ಮಾಡೋಕೆ ಅವರಿಗೆ ಪುರುಸೊತ್ತು ಇರಲಿಲ್ಲ. ಬದಲಿಗೆ ಕಷ್ಟದ ಪುಸ್ತಕಗಳನ್ನ ತಾನೇ ಓದಿಕೊಳ್ಳೋಕೆ ಹೇಳಿ, ಅರ್ಥ ಆಗದ ಜಾಗಗಳನ್ನ ಮಾತ್ರ ಶನಿವಾರ ಮಧ್ಯಾಹ್ನ ಬಂದು ಕೇಳೋಕೆ ಅವಕಾಶ ಕೊಟ್ಟರು. ಶನಿವಾರಕ್ಕೆ ಆದಷ್ಟು ಕಡಿಮೆ ಪ್ರಶ್ನೆ ಉಳಿಯಲಿ ಅಂತ ಹುಡುಗ ವಾರವೆಲ್ಲ ಒದ್ದಾಡುತ್ತಿದ್ದ. ಕೊನೆಗೆ ಬರ್ನೂಲಿ ಅವರೇ ತಂದೆಗೆ ಹೇಳಿ ಒಪ್ಪಿಸಿದರು, ಈ ಮಗ ಗಣಿತಕ್ಕೆ ಹುಟ್ಟಿದವನು ಅಂತ.

ಓದು ಮುಗಿದ ಮೇಲೆ ನಮ್ಮೆಲ್ಲರ ಕಥೆಯೇ: ಕೆಲಸ ಹುಡುಕಬೇಕು. ಬಾಸೆಲ್‌ನಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದರು, ಸಿಗಲಿಲ್ಲ. ಹಡಗಿನ ಪಟಕಂಬಗಳನ್ನ ಎಲ್ಲಿ ನೆಡಬೇಕು ಅಂತ ಪ್ಯಾರಿಸ್ ಅಕಾಡೆಮಿ ಇಟ್ಟಿದ್ದ ಸ್ಪರ್ಧೆಗೆ ಬರೆದರು. ಸಮುದ್ರವೇ ಇಲ್ಲದ ದೇಶದ ಹುಡುಗ! ಮೊದಲ ಬಹುಮಾನ ಬರಲಿಲ್ಲ, ಆದರೆ ಮೆಚ್ಚುಗೆ ಬಂತು. ಅಷ್ಟರಲ್ಲಿ ಬರ್ನೂಲಿಯವರ ಮಗ ಡೇನಿಯಲ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯಲ್ಲಿ ಜಾಗ ಇದೆ ಅಂತ ಕರೆಸಿಕೊಂಡರು. 1727ರಲ್ಲಿ, 20ನೇ ವಯಸ್ಸಿಗೆ ಆಯ್ಲರ್ ಊರು ಬಿಟ್ಟರು. ಮತ್ತೆ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಲೇ ಇಲ್ಲ.

ಫರ್ಮಾ ಅವರ ಊಹೆ, ಆಯ್ಲರ್ ಅವರ ಜರಡಿ

ಪೀಟರ್ಸ್‌ಬರ್ಗಿನಲ್ಲಿ 25ರ ಆಸುಪಾಸಿನಲ್ಲಿ ಅವರು ಮಾಡಿದ ಒಂದು ಕೆಲಸವನ್ನ ಇಲ್ಲಿ ವಿವರವಾಗಿ ಹೇಳಬೇಕು, ಯಾಕಂದರೆ ಮುಂದಿನ ಕಥೆಗೂ ಸುಡೋಕುಗೂ ಅದೇ ಕೊಂಡಿ.

ನೂರು ವರ್ಷದ ಹಿಂದೆ ಫ್ರಾನ್ಸಿನ ಫರ್ಮಾ ಒಂದು ಊಹೆ ಮಾಡಿದ್ದರು. 2ರ 1, 2, 4, 8, 16ನೇ ಘಾತಗಳಿಗೆ 1 ಸೇರಿಸಿದರೆ 3, 5, 17, 257, 65537 ಬರುತ್ತೆ. ಐದೂ ಅವಿಭಾಜ್ಯ ಸಂಖ್ಯೆಗಳು. ಹಾಗಾದರೆ ಹೀಗೇ ಮುಂದುವರಿಸಿದರೆ ಬರೋದೆಲ್ಲ ಅವಿಭಾಜ್ಯವೇ ಅಂತ ಅವರ ನಂಬಿಕೆ. ಮುಂದಿನ ಸಂಖ್ಯೆ 2ರ 32ನೇ ಘಾತಕ್ಕೆ 1 ಸೇರಿಸಿದ್ದು, ಅಂದರೆ 4,29,49,67,297. ಇದನ್ನ ಕೈಯಲ್ಲಿ ಪರೀಕ್ಷೆ ಮಾಡೋಕೆ 65 ಸಾವಿರದವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸುತ್ತಾ ಕೂರಬೇಕು. ಆಯ್ಲರ್ ಈ ಸಂಖ್ಯೆ 641ರಿಂದ ಸರಿಯಾಗಿ ಭಾಗವಾಗುತ್ತೆ ಅಂತ ತೋರಿಸಿದರು. ಅದರ ಹಿಂದಿನ ನಿಯಮವನ್ನೂ ಮುಂದೆ ಸಾಧಿಸಿಕೊಟ್ಟರು: ಇದನ್ನ ಭಾಗಿಸುವ ಅವಿಭಾಜ್ಯ ಇದ್ದರೆ ಅದು 64ರ ಗುಣಕಕ್ಕೆ 1 ಸೇರಿಸಿದ್ದೇ ಆಗಿರಬೇಕು. ಅಂಥ ಅವಿಭಾಜ್ಯಗಳು ಬರೋದು 193, 257, 449, 577, 641 ಹೀಗೆ. ಐದನೆಯದಕ್ಕೇ ಸಿಕ್ಕಿಬಿಡ್ತು.

ಕಷ್ಟದ ಸುಡೋಕು ಬಿಡಿಸುವವರು ಮಾಡೋದೂ ಇದನ್ನೇ. ಉತ್ತರವನ್ನ ನೇರವಾಗಿ ಹುಡುಕೋದಿಲ್ಲ, ಉತ್ತರ ಎಲ್ಲಿ ಇರೋಕೆ ಸಾಧ್ಯವಿಲ್ಲ ಅಂತ ಜರಡಿ ಹಿಡೀತಾರೆ. ಒಂದು ಸಾಲಲ್ಲಿ ಎರಡು ಮನೆಗಳಿಗೆ 2 ಮತ್ತು 9 ಬಿಟ್ಟು ಬೇರೆ ಏನೂ ಬರೋ ಹಾಗಿಲ್ಲ ಅಂದರೆ, ಯಾವುದು ಯಾವುದರಲ್ಲಿ ಅಂತ ಗೊತ್ತಿಲ್ಲದಿದ್ದರೂ ಆ ಸಾಲಿನ ಬೇರೆ ಮನೆಗಳಿಂದ 2 ಮತ್ತು 9 ಹೊಡೆದುಹಾಕಬಹುದು. ಇದು ನೇಕೆಡ್ ಪೇರ್. ಇನ್ನೂ ಸ್ವಲ್ಪ ಮೇಲಿನದು ಎಕ್ಸ್-ವಿಂಗ್. 3ನೇ ಅಡ್ಡಸಾಲಲ್ಲಿ 7 ಬರಬಹುದಾದ್ದು 2 ಮತ್ತು 8ನೇ ಕಂಬಸಾಲಿನ ಮನೆಗಳಲ್ಲಿ ಮಾತ್ರ ಅಂತಿಟ್ಟುಕೊಳ್ಳಿ. 6ನೇ ಅಡ್ಡಸಾಲಲ್ಲೂ 7ಕ್ಕೆ ಅದೇ ಎರಡು ಕಂಬಸಾಲು. ಹಾಗಾದರೆ ಒಂದು 7 ಒಂದು ಕಂಬಸಾಲಿಗೆ, ಇನ್ನೊಂದು 7 ಇನ್ನೊಂದಕ್ಕೆ ಹೋಗಲೇಬೇಕು. ಯಾವುದು ಎಲ್ಲಿ ಅಂತ ತಿಳಿಯುವ ಅಗತ್ಯವೇ ಇಲ್ಲ. 2 ಮತ್ತು 8ನೇ ಕಂಬಸಾಲುಗಳ ಉಳಿದ ಎಲ್ಲ ಮನೆಗಳಿಂದ 7 ಹೊರಗೆ. ಎರಡು ಸಾಲಿನ ಬದಲು ಮೂರು ಸಾಲು, ಮೂರು ಕಂಬಸಾಲು ತಗೊಂಡರೆ ಸ್ವೋರ್ಡ್‌ಫಿಶ್. ಹೆಸರು ದೊಡ್ಡದು, ತರ್ಕ ಒಂದೇ.

ಏಳು ಸೇತುವೆ

1735ರಲ್ಲಿ ಆಯ್ಲರ್ ಅಕಾಡೆಮಿಯ ಮುಂದೆ ಇಟ್ಟದ್ದು ಕೋನಿಗ್ಸ್‌ಬರ್ಗ್ ಸೇತುವೆಗಳ ಸಮಸ್ಯೆ. ಆ ಊರಲ್ಲಿ ನದಿಯಿಂದ ಭಾಗವಾದ ನಾಲ್ಕು ನೆಲ, ಅವುಗಳ ನಡುವೆ ಏಳು ಸೇತುವೆ. ಒಂದೊಂದು ಸೇತುವೆಯನ್ನೂ ಒಂದೇ ಸಲ ದಾಟಿ ಎಲ್ಲವನ್ನೂ ಮುಗಿಸೋಕೆ ಆಗುತ್ತಾ? ಊರವರು ನಡೆದು ನಡೆದು ಸುಸ್ತಾಗಿದ್ದರು. ಆಯ್ಲರ್ ನಡೆಯಲಿಲ್ಲ, ಎಣಿಸಿದರು. ಒಂದು ನೆಲಕ್ಕೆ ಬರೋಕೆ ಒಂದು ಸೇತುವೆ, ಬಿಟ್ಟು ಹೋಗೋಕೆ ಇನ್ನೊಂದು ಬೇಕು. ಹಾಗಾಗಿ ಶುರು ಮಾಡುವ ಜಾಗ ಮತ್ತು ಮುಗಿಸುವ ಜಾಗ ಬಿಟ್ಟರೆ ಉಳಿದ ಕಡೆ ಸೇತುವೆಗಳು ಸಮಸಂಖ್ಯೆಯಲ್ಲಿ ಇರಬೇಕು. ಅಲ್ಲಿ ನಾಲ್ಕೂ ನೆಲಗಳಿಗೆ ಬೆಸಸಂಖ್ಯೆಯ ಸೇತುವೆಗಳು. ಆಗಲ್ಲ, ಮುಗೀತು.

ಗ್ರಾಫ್ ಥಿಯರಿ ಶುರುವಾದದ್ದು ಇಲ್ಲಿಂದ ಅಂತ ನಮಗೆ ಕ್ಲಾಸಲ್ಲಿ ಹೇಳ್ತಾರೆ. ಸುಡೋಕು ಕೂಡ ಒಂದು ಗ್ರಾಫೇ. 81 ಮನೆ ಅಂದರೆ 81 ಬಿಂದು. ಪ್ರತಿ ಮನೆಗೂ ತನ್ನ ಅಡ್ಡಸಾಲು, ಕಂಬಸಾಲು, ಪೆಟ್ಟಿಗೆ ಸೇರಿ 20 ಮನೆಗಳ ಜೊತೆ ಜಗಳ, ಒಟ್ಟು 810 ಗೆರೆಗಳು. ಗೆರೆಯ ಎರಡು ತುದಿಗೆ ಒಂದೇ ಬಣ್ಣ ಬರದ ಹಾಗೆ ಒಂಬತ್ತು ಬಣ್ಣ ಹಚ್ಚಿದರೆ ಸುಡೋಕು ಬಿಡಿಸಿದ ಹಾಗೆ. ಕಷ್ಟದ ಪಜಲ್‌ಗಳಲ್ಲಿ ಬಳಸುವ ಕಲರಿಂಗ್ ತಂತ್ರ ಬರೋದೂ ಈ ಗೆರೆಗಳ ಮೇಲೆ ನಡೆದೇ. ಒಂದು ಸಾಲಲ್ಲಿ 5ಕ್ಕೆ ಎರಡೇ ಮನೆ ಉಳಿದಿದ್ದರೆ ಒಂದಕ್ಕೆ ನೀಲಿ, ಇನ್ನೊಂದಕ್ಕೆ ಹಸಿರು ಹಚ್ಚಿ. ಹಸಿರು ಮನೆಯಿಂದ ಅಂಥದ್ದೇ ಇನ್ನೊಂದು ಜೋಡಿ ಸಿಕ್ಕರೆ ಅದರ ಆಚೆ ತುದಿಗೆ ಮತ್ತೆ ನೀಲಿ. ಹೀಗೆ ಸರಪಳಿ ಬೆಳೆಯುತ್ತೆ. ಕೊನೆಗೆ ನೀಲಿ ಎಲ್ಲ 5, ಇಲ್ಲ ಹಸಿರು ಎಲ್ಲ 5. ಸರಪಳಿಯ ಹೊರಗಿನ ಒಂದು ಮನೆಗೆ ಒಂದು ಕಡೆ ನೀಲಿಯೂ ಇನ್ನೊಂದು ಕಡೆ ಹಸಿರೂ ಎದುರಾದರೆ, ಯಾವುದು ನಿಜವಾದರೂ ಅಲ್ಲಿ 5ಕ್ಕೆ ಜಾಗ ಇಲ್ಲ. ಎಣಿಸಿ ನೋಡಿ ಸೇತುವೆ ದಾಟದೇ ಇದ್ದ ಹಾಗೆ, ಇಲ್ಲೂ ಒಂದು ಅಂಕಿಯನ್ನೂ ಇಡದೆ ಒಂದು ಅಂಕಿಯನ್ನ ತೆಗೆದೆವು.

ಒಂದು ಕಣ್ಣು, ಒಬ್ಬ ರಾಜ

1735ರಲ್ಲೇ ಆಯ್ಲರ್‌ಗೆ ಜೀವ ಹೋಗುವಂಥ ಜ್ವರ ಬಂತು. ಮೂರು ವರ್ಷದ ನಂತರ ಬಲಗಣ್ಣಿನ ದೃಷ್ಟಿ ಹೋಯ್ತು. ಅಕಾಡೆಮಿಗಾಗಿ ಮಾಡುತ್ತಿದ್ದ ನಕ್ಷೆಗಳ ಕೆಲಸವೇ ಇದಕ್ಕೆ ಕಾರಣ ಅಂತ ಅವರು ಅಂದುಕೊಂಡಿದ್ದರು, ಜ್ವರ ಕಾರಣ ಇರಬಹುದು ಅಂತ ಇವತ್ತಿನವರು ಹೇಳ್ತಾರೆ. ಅಷ್ಟರಲ್ಲಿ ಮದುವೆ ಆಗಿತ್ತು. ಹೆಂಡತಿ ಕಾತರೀನಾ, ಚಿತ್ರಕಾರ ಜಾರ್ಜ್ ಗ್ಸೆಲ್ ಅವರ ಮಗಳು. 13 ಮಕ್ಕಳು ಹುಟ್ಟಿದರು, ಎಳವೆಯನ್ನ ದಾಟಿ ಉಳಿದವರು ಐದೇ ಜನ. ತೊಡೆ ಮೇಲೆ ಒಂದು ಮಗು, ಕಾಲ ಹತ್ತಿರ ಆಡುವ ಮಕ್ಕಳು, ಅದರ ಮಧ್ಯೆಯೇ ಪೇಪರ್ ಬರೀತಿದ್ದರು ಅಂತ ಪ್ರತೀತಿ.

ರಷ್ಯಾದಲ್ಲಿ ರಾಜಕೀಯ ಕೆಟ್ಟಾಗ 1741ರಲ್ಲಿ ಬರ್ಲಿನ್‌ಗೆ ಹೋದರು. ಅಲ್ಲಿ ಪ್ರಷ್ಯಾದ ರಾಜ ಫ್ರೆಡರಿಕ್ ಕೈಕೆಳಗೆ 25 ವರ್ಷ. ಕಲನಶಾಸ್ತ್ರದ ಅವರ ದೊಡ್ಡ ಪುಸ್ತಕಗಳು, ಕಂಬ ಬಾಗುವ ಲೆಕ್ಕ, ದ್ರವಗಳ ಸಮೀಕರಣ ಎಲ್ಲ ಈ ಕಾಲದ್ದು. ಆದರೆ ರಾಜನಿಗೆ ಬೇಕಾಗಿದ್ದದ್ದು ಮಾತಿನಲ್ಲಿ ಚುರುಕಾದ, ಫ್ರೆಂಚ್ ನಯ ಇರುವ ಪಂಡಿತರು. ಆಯ್ಲರ್ ಸಾದಾ ಮನುಷ್ಯ, ದೈವಭಕ್ತ, ಮನೆ ಮಕ್ಕಳು ಅಂತ ಇರುವವರು. ಒಂದೇ ಕಣ್ಣಿನ ರಾಕ್ಷಸನ ಹೆಸರಿಟ್ಟು ರಾಜ ಅವರನ್ನ ಹಂಗಿಸುತ್ತಿದ್ದ.

ಇದರಲ್ಲಿ ಎಂಜಿನಿಯರಿಂಗ್‌ನವರು ಮರೆಯಬಾರದ ಒಂದು ಪ್ರಸಂಗ ಇದೆ. ಸಾನ್‌ಸೂಸಿ ಅರಮನೆಯ ತೋಟದಲ್ಲಿ ರಾಜನಿಗೆ ದೊಡ್ಡ ಕಾರಂಜಿ ಬೇಕಿತ್ತು. ಪಂಪಿನಿಂದ ನೀರು ಎತ್ತುವಾಗ ಕೊಳವೆಗಳ ಒಳಗೆ ಒತ್ತಡ ಎಷ್ಟು ಏರುತ್ತೆ ಅಂತ ಆಯ್ಲರ್ ಲೆಕ್ಕ ಹಾಕಿ, ಇಂಥ ಕೊಳವೆಗಳು ತಡೆಯಲ್ಲ ಅಂತ ಎಚ್ಚರಿಸಿದ್ದರು. ಕಟ್ಟುವವರು ಕೇಳಲಿಲ್ಲ, ಕಾರಂಜಿ ಚಿಮ್ಮಲಿಲ್ಲ. ಎಷ್ಟೋ ವರ್ಷ ಆದಮೇಲೂ ರಾಜ ಬೈದದ್ದು ಗಣಿತವನ್ನ ಮತ್ತು ಆಯ್ಲರ್ ಅವರನ್ನ! ಲೆಕ್ಕ ತಪ್ಪಾಗಿರಲಿಲ್ಲ, ಲೆಕ್ಕವನ್ನ ಓದದೇ ಕಟ್ಟಿದ್ದು ತಪ್ಪಾಗಿತ್ತು.

ಕತ್ತಲೆಯಲ್ಲಿ ಚೌಕಗಳು

1766ರಲ್ಲಿ ರಾಣಿ ಕ್ಯಾಥರೀನ್ ಕರೆದಾಗ ಆಯ್ಲರ್ ಪೀಟರ್ಸ್‌ಬರ್ಗಿಗೆ ವಾಪಸ್ ಬಂದರು. ಬಂದ ಸ್ವಲ್ಪ ದಿನಕ್ಕೇ ಉಳಿದಿದ್ದ ಎಡಗಣ್ಣಿಗೂ ಪೊರೆ ಬಂತು. 1771ರಲ್ಲಿ ಆಪರೇಷನ್ ಆಯ್ತು, ಕೆಲವು ದಿನ ಬೆಳಕು ಕಂಡಿತು, ಆಮೇಲೆ ಸೋಂಕಾಗಿ ಅದೂ ಹೋಯ್ತು. ಅದೇ ವರ್ಷ ಊರಿಗೆ ಬೆಂಕಿ ಬಿದ್ದು ಅವರ ಮನೆ ಸುಟ್ಟಿತು. ಬಾಸೆಲ್ ಕಡೆಯ ಒಬ್ಬ ಕುಶಲಕರ್ಮಿ ಒಳಗೆ ನುಗ್ಗಿ ಅವರನ್ನ ಹೆಗಲ ಮೇಲೆ ಹೊತ್ತು ತಂದು ಉಳಿಸಿದ. 1773ರಲ್ಲಿ ಹೆಂಡತಿ ತೀರಿಕೊಂಡರು.

ಇಷ್ಟು ಆದಮೇಲೆ ಯಾರೇ ಆದರೂ ಕೆಲಸ ನಿಲ್ಲಿಸಿದರೆ ತಪ್ಪು ಅನ್ನೋಕಾಗಲ್ಲ. ಆಯ್ಲರ್ ನಿಲ್ಲಿಸಲಿಲ್ಲ. ಅವರ ಒಟ್ಟು ಬರಹ 850ಕ್ಕೂ ಹೆಚ್ಚು. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಈ ಎರಡನೇ ಪೀಟರ್ಸ್‌ಬರ್ಗ್ ಕಾಲದ್ದು. ಅವರು ಬಾಯಲ್ಲಿ ಹೇಳುತ್ತಾ ಹೋಗೋದು, ಮಗ ಯೋಹಾನ್ ಆಲ್‌ಬ್ರೆಕ್ಟ್ ಮತ್ತು ಕ್ರಾಫ್ಟ್, ಲೆಕ್ಸೆಲ್, ಫುಸ್ ಎಂಬ ಕಿರಿಯರು ಬರೆದುಕೊಳ್ಳೋದು, ಲೆಕ್ಕ ಬಿಡಿಸಿ ಓದಿ ಹೇಳೋದು. ಬೀಜಗಣಿತದ ಪುಸ್ತಕವನ್ನ ಅವರು ಹೇಳಿ ಬರೆಸಿದ್ದು ದರ್ಜಿ ಕೆಲಸ ಕಲಿತಿದ್ದ ಒಬ್ಬ ಹುಡುಗನ ಕೈಲಿ. ಬರೆಯುತ್ತಾ ಬರೆಯುತ್ತಾ ಅವನೇ ಬೀಜಗಣಿತ ಕಲಿತುಬಿಟ್ಟ ಅಂತಾರೆ. ಇಬ್ಬರು ಶಿಷ್ಯರ ಲೆಕ್ಕದಲ್ಲಿ ಐವತ್ತನೇ ಅಂಕಿಯಲ್ಲಿ ವ್ಯತ್ಯಾಸ ಬಂದಾಗ ಆಯ್ಲರ್ ಪೂರ್ತಿ ಲೆಕ್ಕವನ್ನ ತಲೆಯಲ್ಲೇ ಮಾಡಿ ಯಾರದ್ದು ಸರಿ ಅಂತ ಹೇಳಿದರು ಅನ್ನೋ ಕಥೆಯೂ ಇದೆ.

36 ಅಧಿಕಾರಿಗಳ ಪ್ರಶ್ನೆ ಬರೋದು ಇಲ್ಲಿ. 1779ರ ಮಾರ್ಚ್‌ನಲ್ಲಿ, 72ನೇ ವಯಸ್ಸಿನ ಹೊಸ್ತಿಲಲ್ಲಿ, ಆಯ್ಲರ್ ಹೊಸ ಬಗೆಯ ಮಾಯಾಚೌಕಗಳ ಬಗ್ಗೆ ಒಂದು ದೀರ್ಘ ಪ್ರಬಂಧವನ್ನ ಅಕಾಡೆಮಿಗೆ ಕೊಟ್ಟರು. ಅದು ಅಚ್ಚಾದದ್ದು 1782ರಲ್ಲಿ, ನೆದರ್ಲೆಂಡ್ಸ್‌ನಲ್ಲಿ. ಪ್ರಶ್ನೆ ಹೀಗೆ: ಆರು ರೆಜಿಮೆಂಟು, ಪ್ರತಿ ರೆಜಿಮೆಂಟಿನಿಂದ ಆರು ಬೇರೆ ಬೇರೆ ದರ್ಜೆಯ ಒಬ್ಬೊಬ್ಬ ಅಧಿಕಾರಿ. ಒಟ್ಟು 36 ಜನ. ಇವರನ್ನ ಆರು ಸಾಲಿನ ಚೌಕದಲ್ಲಿ ನಿಲ್ಲಿಸಬೇಕು. ಪ್ರತಿ ಅಡ್ಡಸಾಲಲ್ಲೂ ಪ್ರತಿ ಕಂಬಸಾಲಲ್ಲೂ ಆರು ರೆಜಿಮೆಂಟೂ ಬರಬೇಕು, ಆರು ದರ್ಜೆಯೂ ಬರಬೇಕು.

ಅಂದರೆ ಒಂದರ ಮೇಲೊಂದು ಕೂರಿಸಿದ ಎರಡು ಸುಡೋಕು ಇದ್ದ ಹಾಗೆ, ಪೆಟ್ಟಿಗೆ ಷರತ್ತು ಇಲ್ಲ ಅಷ್ಟೇ. ಮೂರು ಸಾಲಿನಲ್ಲಿ ಮಾಡಿ ತೋರಿಸ್ತೀವಿ. ಅಂಕಿ ದರ್ಜೆ, ಅಕ್ಷರ ರೆಜಿಮೆಂಟು:

1ಕ 2ಖ 3ಗ
2ಗ 3ಕ 1ಖ
3ಖ 1ಗ 2ಕ

ಅಂಕಿಗಳನ್ನ ಮಾತ್ರ ನೋಡಿದರೆ ಲ್ಯಾಟಿನ್ ಚೌಕ, ಅಕ್ಷರಗಳನ್ನ ಮಾತ್ರ ನೋಡಿದರೂ ಲ್ಯಾಟಿನ್ ಚೌಕ, ಒಂಬತ್ತು ಜೋಡಿಗಳಲ್ಲಿ ಯಾವುದೂ ಎರಡು ಸಲ ಬಂದಿಲ್ಲ. ಆಯ್ಲರ್ ಒಂದಕ್ಕೆ ಲ್ಯಾಟಿನ್, ಇನ್ನೊಂದಕ್ಕೆ ಗ್ರೀಕ್ ಅಕ್ಷರ ಬಳಸಿದ್ದರು. ಲ್ಯಾಟಿನ್ ಚೌಕ ಅನ್ನೋ ಹೆಸರು ಉಳಿದದ್ದು ಅದಕ್ಕೇ. ಸಾಲುಗಳು ಬೆಸಸಂಖ್ಯೆಯಲ್ಲಿದ್ದರೆ ಇಂಥ ಜೋಡಿ ಚೌಕ ಮಾಡುವ ದಾರಿಯನ್ನ ಅವರು ತೋರಿಸಿದರು. 4, 8, 12 ಹೀಗೆ ನಾಲ್ಕರ ಗುಣಕಗಳಿಗೂ ತೋರಿಸಿದರು. 2ಕ್ಕೆ ಆಗಲ್ಲ, ಅದು ಯಾರಿಗಾದರೂ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ. ಸಿಕ್ಕಿಹಾಕಿಕೊಂಡದ್ದು 6ರಲ್ಲಿ.

ಒಂದು ಕ್ಷಣ ಯೋಚಿಸಿ. ನಮಗೆ ಸುಡೋಕುನಲ್ಲಿ 81 ಮನೆ ಕಣ್ಣೆದುರಿಗೆ ಇರುತ್ತೆ, ಪೆನ್ಸಿಲ್ ಇರುತ್ತೆ, ಆ್ಯಪ್ ಆದರೆ ತಪ್ಪಿದಾಗ ಕೆಂಪು ಬಣ್ಣವನ್ನೂ ತೋರಿಸುತ್ತೆ. ಆಯ್ಲರ್ ತಲೆಯೊಳಗೆ 36 ಮನೆ, ಪ್ರತಿ ಮನೆಯಲ್ಲಿ ಎರಡು ಗುರುತು. ಒಂದೊಂದೇ ಚೌಕ ಇಟ್ಟು ನೋಡುತ್ತಾ ಹೋದರೆ ಜೀವಮಾನ ಸಾಲಲ್ಲ, ಯಾಕಂದರೆ ಆರು ಸಾಲಿನ ಲ್ಯಾಟಿನ್ ಚೌಕಗಳೇ 81,28,51,200 ಇವೆ. ಹಾಗಾಗಿ ಅವರು ಚೌಕಗಳನ್ನ ಗುಂಪು ಮಾಡಿದರು. ಸಾಲು ಅದಲುಬದಲು ಮಾಡಿದರೆ, ಅಂಕಿಗಳ ಹೆಸರು ಬದಲಿಸಿದರೆ ಸಮಸ್ಯೆ ಬದಲಾಗಲ್ಲ, ಆದ್ದರಿಂದ ಒಂದನ್ನ ಪರೀಕ್ಷಿಸಿದರೆ ಅದರ ಕುಟುಂಬವೆಲ್ಲ ಪರೀಕ್ಷೆ ಆದ ಹಾಗೆ. ಪ್ರತಿ ಸಾಲನ್ನೂ ಒಂದೊಂದೇ ಮನೆ ಸರಿಸುತ್ತಾ ಬರೆಯುವ ಸರಳ ಚೌಕಕ್ಕೆ, ಸಾಲುಗಳು ಸಮಸಂಖ್ಯೆಯಲ್ಲಿದ್ದರೆ, ಜೊತೆ ಸಿಗೋದೇ ಇಲ್ಲ ಅಂತ ಖಚಿತವಾಗಿ ಸಾಧಿಸಿದರು. ಅಷ್ಟು ಭಾಗ ಸೇತುವೆಯ ಹಾಗೆ ಗಟ್ಟಿ.

ಉಳಿದ ಭಾಗ ಗಟ್ಟಿಯಾಗಲಿಲ್ಲ. ಎಷ್ಟೆಲ್ಲ ಮಾಡಿದರೂ 6ಕ್ಕೆ ಚೌಕ ಸಿಗಲಿಲ್ಲ. ಹಾಗಾಗಿ 6ಕ್ಕೆ ಅಸಾಧ್ಯ, 10, 14, 18 ಹೀಗೆ ನಾಲ್ಕರಿಂದ ಭಾಗಿಸಿದರೆ 2 ಉಳಿಯುವ ಎಲ್ಲ ಸಂಖ್ಯೆಗಳಿಗೂ ಅಸಾಧ್ಯ ಅಂತ ಅವರಿಗೆ ಬಲವಾಗಿ ಅನಿಸಿತು. ಅನಿಸಿದ್ದನ್ನ ಬರೆದರು. ಆದರೆ ಪೂರ್ತಿ ಸಾಧನೆ ತನ್ನ ಹತ್ತಿರ ಇಲ್ಲ ಅನ್ನೋದನ್ನೂ ಮುಚ್ಚಿಡದೆ ಬರೆದರು.

1783ರ ಸೆಪ್ಟೆಂಬರ್ 18ರಂದು, 76ನೇ ವಯಸ್ಸಿನಲ್ಲಿ, ಆಯ್ಲರ್ ಬೆಳಿಗ್ಗೆ ಮೊಮ್ಮಗನಿಗೆ ಗಣಿತ ಹೇಳಿಕೊಟ್ಟರು, ಆ ವರ್ಷವಷ್ಟೇ ಹಾರಿದ್ದ ಬಿಸಿಗಾಳಿ ಬಲೂನುಗಳ ಚಲನೆಯನ್ನ ಲೆಕ್ಕ ಹಾಕಿದರು, ಹೊಸದಾಗಿ ಸಿಕ್ಕಿದ್ದ ಯುರೇನಸ್ ಗ್ರಹದ ಕಕ್ಷೆಯ ಬಗ್ಗೆ ಮಾತಾಡಿದರು. ಸಂಜೆ ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಅವರು ಬಿಟ್ಟುಹೋದ ಪೇಪರ್‌ಗಳನ್ನ ಅಕಾಡೆಮಿ ಮುಂದೆ ಸುಮಾರು 50 ವರ್ಷ ಅಚ್ಚು ಹಾಕುತ್ತಲೇ ಇತ್ತು.

177 ವರ್ಷ

ಫರ್ಮಾ ಐದು ಉದಾಹರಣೆ ನೋಡಿ ಊಹೆ ಮಾಡಿದ್ದರು, ಆಯ್ಲರ್ ಅದನ್ನ ಮುರಿದರು. ಈಗ ಆಯ್ಲರ್ ಊಹೆಯ ಸರದಿ.

1900ರಲ್ಲಿ ಫ್ರಾನ್ಸಿನ ಗಾಸ್ಟೋನ್ ಟ್ಯಾರಿ 6ನ್ನ ಕೈಗೆತ್ತಿಕೊಂಡರು. ಆಯ್ಲರ್ ತೋರಿಸಿದ ದಾರಿಯಲ್ಲೇ ಚೌಕಗಳನ್ನ ಇಳಿಸಿದರೆ 9408 ಉಳಿಯುತ್ತೆ. ಅವನ್ನೂ ಕುಟುಂಬಗಳಾಗಿ ಮಾಡಿ, ಎಲ್ಲವನ್ನೂ ಕೈಯಲ್ಲೇ ಪರೀಕ್ಷಿಸಿ, ಆಗಲ್ಲ ಅಂತ ಖಚಿತ ಮಾಡಿದರು. 6ರ ಮಟ್ಟಿಗೆ ಆಯ್ಲರ್ ಹೇಳಿದ್ದು ಸರಿ.

10 ಮಾತ್ರ ಉಳಿಯಿತು. ಅದನ್ನ ಬಗೆಹರಿಸಿದವರಲ್ಲಿ ಇಬ್ಬರು ನಮ್ಮ ದೇಶದವರು. ಆರ್.ಸಿ. ಬೋಸ್ ಹುಟ್ಟಿದ್ದು 1901ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ. ಕಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಕೆಲಸ ಮಾಡಿ 1949ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಹೋದವರು. ಅವರ ಶಿಷ್ಯ ಎಸ್.ಎಸ್. ಶ್ರೀಖಂಡೆ ಸಾಗರ್ ಊರಿನವರು. ಇವರಿಬ್ಬರೂ ಸೇರಿ 22 ಸಾಲಿನ ಜೋಡಿ ಚೌಕ ಕಟ್ಟಿದರು. 22ನ್ನ ನಾಲ್ಕರಿಂದ ಭಾಗಿಸಿದರೆ 2 ಉಳಿಯುತ್ತೆ, ಅಂದರೆ ಆಯ್ಲರ್ ಊಹೆ ಬಿತ್ತು. ಅಮೆರಿಕದ ಇ.ಟಿ. ಪಾರ್ಕರ್ 10 ಸಾಲಿನದ್ದನ್ನೇ ಕಟ್ಟಿದರು. ಆಮೇಲೆ ಮೂವರೂ ಸೇರಿ 2 ಮತ್ತು 6 ಬಿಟ್ಟರೆ ಎಲ್ಲ ಸಂಖ್ಯೆಗೂ ಸಾಧ್ಯ ಅಂತ ತೋರಿಸಿದರು. 1959ರ ಏಪ್ರಿಲ್ 26ರ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಈ ಸುದ್ದಿ ಬಂತು. ಪ್ರಬಂಧ ಅಚ್ಚಾಗಿ 177 ವರ್ಷ ಆಗಿತ್ತು. 6 ಅನ್ನೋದು ಒಂದು ಅಪವಾದ ಅಷ್ಟೇ ಆಗಿತ್ತು, ಆಯ್ಲರ್ ಅದನ್ನ ನಿಯಮ ಅಂದುಕೊಂಡಿದ್ದರು.

ಬೋಸ್ ಅವರ ಕಾಲದಲ್ಲಿ ಈ ಚೌಕಗಳು ಬರೀ ಆಟವಾಗಿರಲಿಲ್ಲ. ಹೊಲದಲ್ಲಿ ಯಾವ ಗೊಬ್ಬರ, ಯಾವ ತಳಿ ಒಳ್ಳೆಯದು ಅಂತ ಪ್ರಯೋಗ ಮಾಡುವಾಗ ಮಣ್ಣಿನ ವ್ಯತ್ಯಾಸ ಫಲಿತಾಂಶ ಕೆಡಿಸದಿರಲಿ ಅಂತ ಲ್ಯಾಟಿನ್ ಚೌಕದ ಹಾಗೆ ಪಾತಿ ಹಾಕ್ತಾರೆ. ಇದನ್ನೇ ಇನ್ನೂ ವಿಸ್ತರಿಸಿ 1940ರ ದಶಕದಲ್ಲಿ ಆರ್ಥೋಗೋನಲ್ ಅರೇ ಎಂಬ ಕಲ್ಪನೆ ಕೊಟ್ಟವರು ಸಿ.ಆರ್. ರಾವ್. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಕಾರ್ಖಾನೆಗಳಲ್ಲಿ ಗುಣಮಟ್ಟ ಹೆಚ್ಚಿಸೋಕೆ ಬಳಸುವ ಟಾಗುಚಿ ವಿಧಾನದ ಕೋಷ್ಟಕಗಳು ಇವೇ. ಮೆಕ್ಯಾನಿಕಲ್‌ನವರು ಅದನ್ನ ಓದುವಾಗ ಆಯ್ಲರ್ ಜೊತೆ ಹಡಗಲಿಯನ್ನೂ ನೆನೆಸಿಕೊಳ್ಳಬಹುದು. ಇತ್ತೀಚೆಗೆ, 2022ರಲ್ಲಿ, ಐಐಟಿ ಮದ್ರಾಸ್ ಮತ್ತು ಪೋಲೆಂಡಿನ ಸಂಶೋಧಕರು ಸೇರಿ 36 ಅಧಿಕಾರಿಗಳನ್ನ ಕ್ವಾಂಟಮ್ ಸ್ಥಿತಿಗಳಾಗಿ ತಗೊಂಡರೆ 6ಕ್ಕೂ ಉತ್ತರ ಇದೆ ಅಂತ ಪ್ರಕಟಿಸಿದ್ದಾರೆ. ಇನ್ನೂ ಒಂದು ಬಾಕಿ ಇದೆ: 10 ಸಾಲಿನಲ್ಲಿ ಎರಡರ ಬದಲು ಮೂರು ಚೌಕಗಳನ್ನ ಒಂದಕ್ಕೊಂದು ಹೊಂದುವ ಹಾಗೆ ಕೂರಿಸೋಕೆ ಆಗುತ್ತಾ? ಇವತ್ತಿನವರೆಗೂ ಯಾರೂ ಕಟ್ಟಿಲ್ಲ, ಆಗಲ್ಲ ಅಂತ ಯಾರೂ ಸಾಧಿಸಿಲ್ಲ.

ಆಯ್ಲರ್ ಸೋತರು ಅಂತ ಹೇಳೋಕೆ ನಾವು ಇಷ್ಟೆಲ್ಲ ಬರೆಯಲಿಲ್ಲ. ಊಹೆ ಮಾಡೋದು ಅವರಿಗೂ ಬೇಕಿತ್ತು, ನಮಗೂ ಬೇಕು. ಅವರು ಮಾಡದೇ ಇದ್ದದ್ದು ಊಹೆಯನ್ನ ಉತ್ತರ ಅಂತ ಬರೆಯೋದನ್ನ. ತುಂಬ ಹುಡುಕಿದೆ, ಸಿಗಲಿಲ್ಲ ಅನ್ನೋದು ಒಂದು ಮಾತು. ಇರೋಕೆ ಸಾಧ್ಯವೇ ಇಲ್ಲ ಅನ್ನೋದು ಇನ್ನೊಂದು ಮಾತು. ಕೋನಿಗ್ಸ್‌ಬರ್ಗಿನಲ್ಲಿ ಅವರು ಎರಡನೆಯದನ್ನ ಹೇಳಿದರು. ಅಧಿಕಾರಿಗಳ ವಿಷಯದಲ್ಲಿ ಮೊದಲನೆಯದು ಮಾತ್ರ ತನ್ನ ಕೈಲಿದೆ ಅಂತ ಗುರುತು ಮಾಡಿ ಹೋದರು. ಆ ಗುರುತು ಇದ್ದದ್ದರಿಂದಲೇ ಟ್ಯಾರಿಗೂ ಬೋಸ್‌ಗೂ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಯ್ತು. ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗ್ ಬರೆಯುವಾಗ, ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಇದು ಕೆಲಸ ಮಾಡುತ್ತೆ ಅಂತ ಬರೆಯುವಾಗ ಯಾವ ಮಾತು ಹೇಳ್ತಿದ್ದೀವಿ ಅಂತ ನಾವೂ ಗುರುತು ಹಾಕಿಕೊಳ್ಳಬಹುದು.

ಕೊನೆಗೆ ನಿಮಗೊಂದು ಕೆಲಸ. ಒಂದು ಪ್ಯಾಕ್ ಇಸ್ಪೀಟ್ ಎಲೆಯಿಂದ ನಾಲ್ಕೂ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ ತೆಗೆದುಕೊಳ್ಳಿ, ಒಟ್ಟು 16 ಎಲೆ. ಅವನ್ನ ನಾಲ್ಕು ಸಾಲಿನ ಚೌಕವಾಗಿ ಜೋಡಿಸಿ. ಪ್ರತಿ ಅಡ್ಡಸಾಲಲ್ಲೂ ಪ್ರತಿ ಕಂಬಸಾಲಲ್ಲೂ ನಾಲ್ಕು ಜಾತಿಯೂ ಇರಬೇಕು, ನಾಲ್ಕು ಮುಖವೂ ಇರಬೇಕು. ಉತ್ತರ ಇದೆ, ಆಯ್ಲರ್ ತಮ್ಮ ಪ್ರಬಂಧ ಬರೆಯುವ ಮುಂಚಿನಿಂದಲೂ ಜನ ಇಂಥ ಆಟ ಆಡ್ತಿದ್ದರು. ಅಂದಾಜಿಗೆ ಒಂದು ಎಲೆ ಇಡುವ ಮುಂಚೆ ಅದು ಎಲ್ಲೆಲ್ಲಿ ಬರೋಕೆ ಸಾಧ್ಯವಿಲ್ಲ ಅಂತ ನೋಡಿ. ಬಿಡಿಸಿದವರು ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.